ಪೈಪಿನ ಇನ್ನೊಂದು ತುದಿ

"ಇದನ್ನ ಒಬ್ಬನೇ ಹಿಡಿಯೋಕಾಗಲ್ಲ, ಮೇಡಂ," ಎಂದ ಮೇಸ್ತ್ರಿ, ಲಾಕಪ್ಪಿನ ಸರಳುಗಳ ಆಚೆಯಿಂದ.

ನನ್ನ ಪೆನ್ನು ಕಾಗದದ ಮೇಲೆ ಹಾಗೇ ನಿಂತಿತು.

"ಒಬ್ಬನೇ ಅಂದ್ರೆ?"

"ಲೆವೆಲ್ ಪೈಪು ಮೇಡಂ ಇದು. ಒಳಗೆ ನೀರು ತುಂಬಿ ಈ ತುದಿ ನಾನು ಹಿಡಿದ್ರೆ, ಆ ತುದಿ ಇನ್ನೊಬ್ಬ ಹಿಡೀಬೇಕು. ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ. ಗೋಡೆ ಕಟ್ಟೋರಿಗೆಲ್ಲ ಗೊತ್ತಿರೋ ವಿಷಯ."

"ಒಂಬತ್ತು ದಿನದಿಂದ ಯಾಕೆ ಹೇಳಲಿಲ್ಲ?"

"ಪೈಪು ನಿನ್ನದಾ ಅಂತ ಕೇಳಿದ್ರಿ. ಹೌದು ಅಂದೆ. ಯಾತಕ್ಕೆ ಅಂತ ಯಾರೂ ಕೇಳಲಿಲ್ಲ."

ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಇವತ್ತು ಕೇಳಿದ್ದೂ ನನ್ನ ಜಾಣತನದಿಂದಲ್ಲ. ಕೋರ್ಟಿಗೆ ಕಳಿಸುವ ನಮೂನೆಯಲ್ಲಿ 'ವಸ್ತುವಿನ ಉಪಯೋಗ' ಎಂಬ ಖಾನೆಯೊಂದಿದೆ. ಅದು ಖಾಲಿ ಇತ್ತು, ಅದಕ್ಕೆ ಕೇಳಿದೆ.

ಹೊಳೆಯ ಮಟ್ಟ ಬರೆದಿಡುತ್ತಿದ್ದ ನೀರಜ್ಜನ ಹೆಣ ಹೊಳೆಯ ಮೆಟ್ಟಿಲುಗಳ ಬುಡದಲ್ಲಿ ಸಿಕ್ಕಾಗ ಈ ಪೈಪು ಸುರುಳಿಯಾಗಿ ಅವರ ಹೆಗಲ ಮೇಲಿತ್ತು. ಹಿಂದಿನ ದಿನವಷ್ಟೇ ಮೇಸ್ತ್ರಿ ಬೀದಿಗೆಲ್ಲ ಕೇಳುವ ಹಾಗೆ ಅವರ ಜೊತೆ ಜಗಳವಾಡಿದ್ದ. ಹಳೇ ಗೋಡೆಗೆ ಸುಣ್ಣದ ಬದಲು ಸಿಮೆಂಟು ಮೆತ್ತಿದ್ದಕ್ಕೆ ಅಜ್ಜ ಅವನನ್ನು ಬೈದಿದ್ದರು. ಹಾಗಾಗಿ ನಾನು ಮೇಸ್ತ್ರಿಯನ್ನು ಹಿಡಿದು ಒಳಗೆ ಹಾಕಿದೆ. ನನ್ನ ತನಿಖೆ ಎಂದರೆ ಇಷ್ಟೇ. ಕೋರ್ಟು ಕೊಟ್ಟ ಪೊಲೀಸ್ ಕಸ್ಟಡಿ ಇವತ್ತಿಗೆ ಮುಗಿಯುತ್ತದೆ, ಸಂಜೆ ಐದಕ್ಕೆ ಗಾಡಿ ಬಂದು ಇವನನ್ನು ಮತ್ತೆ ಬೆಟ್ಟದ ಕೆಳಗಿನ ಕೋರ್ಟಿಗೆ ಒಯ್ಯುತ್ತದೆ. ಅಲ್ಲಿಗೆ ಹೋದವನು ಸುಲಭಕ್ಕೆ ವಾಪಸು ಬರುವುದಿಲ್ಲ.

"ಅಜ್ಜ ನಿನ್ನ ಹತ್ರ ಪೈಪು ಕೇಳಿ ತಗೊಂಡ್ರಾ?"

"ಇಲ್ಲ. ಕೆಲಸದ ಜಾಗದಲ್ಲಿ ಮೊಳೆಗೆ ನೇತು ಹಾಕಿದ್ದೆ. ಜಗಳ ಆಡಿದ ಮೇಲೆ ಹೇಗೆ ಕೇಳ್ತಾರೆ? ತಗೊಂಡು ಹೋಗಿರ್ಬೇಕು." ಅವನು ಮೂಗು ಒರೆಸಿಕೊಂಡ. "ಕೊಡಿ ಇಲ್ಲಿ, ನೋಡೋಣ."

ಕೊಟ್ಟೆ. ಅವನು ಪೈಪನ್ನು ಬೆಳಕಿಗೆ ಹಿಡಿದು ಎರಡೂ ತುದಿ ಸವರಿ ನೋಡಿದ.

"ಈ ತುದೀಲಿ ನನ್ನ ಮರದ ಬಿರಡೆ ಇದೆ. ನೀರು ಚೆಲ್ಲದ ಹಾಗೆ ಹಾಕೋದು. ಆ ತುದೀದು ಎಲ್ಲೋ ಬಿದ್ದುಹೋಗಿದೆ. ಉಣ್ಣೆ ತುರುಕಿದಾರೆ."

"ನೀನು ತುರುಕಿದ್ದಲ್ವಾ?"

"ಉಣ್ಣೆ ನೀರು ಕುಡಿಯುತ್ತೆ ಮೇಡಂ. ಕಸುಬು ಗೊತ್ತಿದ್ದೋನು ಉಣ್ಣೆ ಹಾಕಲ್ಲ."

ಬೂದು ಬಣ್ಣದ ಉಣ್ಣೆಯ ತುಂಡು, ಒಂದು. ಪಂಚನಾಮೆಯಲ್ಲಿ ನಾನೇ ಬರೆದಿದ್ದೆ. ಬರೆದು, ಚಳಿ ಊರಿನಲ್ಲಿ ಉಣ್ಣೆ ಇಲ್ಲದ ಮನೆ ಯಾವುದು ಎಂದು ಮರೆತೂ ಬಿಟ್ಟಿದ್ದೆ.

ಯಾರೋ ಆ ತುದಿ ಹಿಡಿದಿದ್ದರು. ಅಜ್ಜ ಸಾಯುವ ಮೊದಲು ಅವರ ಜೊತೆಗಿದ್ದು, ಅವರು ನಂಬಿ ಪೈಪಿನ ತುದಿ ಕೊಟ್ಟವರು ಒಂಬತ್ತು ದಿನಗಳಿಂದ ಈ ಪುಟ್ಟ ಊರಿನಲ್ಲಿ ಬಾಯಿ ಮುಚ್ಚಿಕೊಂಡು ಓಡಾಡುತ್ತಿದ್ದಾರೆ. ನನಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ.

ಪೇದೆ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ. "ಮೇಡಂ, ನಿನ್ನೆ ಡಬ್ಬೀನೂ ಹಾಗೇ ವಾಪಸು ಕಳಿಸಿದ್ದಾನೆ. ಮನೆ ಊಟ ಬೇಡವಂತೆ. ನನ್ನ ಬ್ರೆಡ್ಡಿನಲ್ಲಿ ಪಾಲು ಕೇಳ್ತಾನೆ."

"ಯಾಕಯ್ಯಾ? ಹೆಂಡತಿ ಮೇಲೆ ಸಿಟ್ಟಾ?"

ಮೇಸ್ತ್ರಿ ಗೋಡೆಯ ಕಡೆ ತಿರುಗಿಕೊಂಡ. "ಹಸಿವಿಲ್ಲ."

"ಇವತ್ತು ಡಬ್ಬಿ ಬಂದ್ರೆ ಹೇಗಾದ್ರೂ ಮಾಡಿ ತಿನ್ನಿಸು," ಎಂದೆ ಪೇದೆಗೆ. "ಕೋರ್ಟಿನಲ್ಲಿ ಸೊರಗಿ ನಿಂತ್ರೆ ನಾವು ಉಪವಾಸ ಕೆಡವಿದ್ವಿ ಅಂತ ಮಾತು ಬರುತ್ತೆ."

ಟೋಪಿ ಹಾಕಿಕೊಂಡು ಹೊರಟೆ. ಗಂಟೆ ಹನ್ನೊಂದಾಗಿತ್ತು.

* * *

ನಮ್ಮ ಬೀದಿಗೆ ಬಿಸಿಲು ಹನ್ನೊಂದಕ್ಕೆ ಬಂದು ಮೂರಕ್ಕೆ ಹೊರಡುತ್ತದೆ. ಎದುರಿಗೊಂದು ಬೆಟ್ಟ, ಹಿಂದೊಂದು ಬೆಟ್ಟ, ನಡುವೆ ಹೊಳೆ, ಹೊಳೆಯ ಪಕ್ಕ ಹೆಗಲಿಗೆ ಹೆಗಲು ತಾಗಿಸಿ ನಿಂತ ಇಪ್ಪತ್ತೆರಡು ಕಲ್ಲು ಮನೆಗಳು. ಪ್ರವಾಸಿಗರು ಇದನ್ನು 'ಹಳೇ ಪೇಟೆ' ಎಂದು ಬಾಯ್ತುಂಬ ಹೊಗಳಿ, ಫೋಟೋ ತೆಗೆದುಕೊಂಡು, ಬಿಸಿಲಿರುವ ಊರಿಗೆ ವಾಪಸು ಹೋಗುತ್ತಾರೆ. ಇರಬೇಕಾದವರು ನಾವು.

ಇಲ್ಲಿ ಕಿಟಕಿಗೆ ಒಂದೇ ಹಸಿರು ಬಣ್ಣ ಬಳಿಯಬೇಕು. ಹೊರಗೋಡೆಗೆ ಮೊಳೆ ಹೊಡೆಯಲು ಅರ್ಜಿ ಕೊಡಬೇಕು. ಪಕ್ಕದ ಮನೆಯವರು ಸೀನಿದರೆ ನಮಗೆ ಎಚ್ಚರವಾಗುತ್ತದೆ. ಹೊಳೆಯ ಸದ್ದಂತೂ ಹಗಲೂ ರಾತ್ರಿ ಬಿಡುವುದಿಲ್ಲ. ಮೂರು ವರ್ಷದ ಹಿಂದೆ ವರ್ಗವಾಗಿ ಬಂದಾಗ ಅದನ್ನು ಕೇಳುತ್ತಾ ಮಲಗುವುದು ಎಷ್ಟು ಚೆಂದ ಎಂದುಕೊಂಡಿದ್ದೆ. ಈಗ ಯಾರಾದರೂ ಆ ನಲ್ಲಿ ನಿಲ್ಲಿಸಿ ಎಂದು ಕೂಗಬೇಕೆನಿಸುತ್ತದೆ.

ಇವತ್ತು ಮೊದಲ ಸಲ ನಾನು ಬೀದಿಯ ಬಾಗಿಲುಗಳನ್ನು ಪೊಲೀಸಿನವಳ ಕಣ್ಣಿನಿಂದ ನೋಡಿದೆ.

ಪ್ರತಿ ಮನೆಯ ಬಾಗಿಲ ಕಂಬಕ್ಕೂ ಒಂದು ಹಿತ್ತಾಳೆ ಪಟ್ಟಿ ಬಡಿದಿದೆ. ಅರುವತ್ತು ವರ್ಷದ ಹಿಂದೆ ಮರದ ದಿಮ್ಮಿಗಳು ಸೇತುವೆಗೆ ಸಿಕ್ಕಿಕೊಂಡು, ಹೊಳೆ ಹಿಂದಕ್ಕೆ ತುಂಬಿ, ಇಡೀ ಬೀದಿಯಲ್ಲಿ ಎರಡು ದಿನ ನೀರು ಕೆರೆಯಂತೆ ನಿಂತಿತ್ತಂತೆ. ಆ ನೀರು ಎಲ್ಲಿಯವರೆಗೆ ಬಂದಿತ್ತೋ ಅಲ್ಲಿಗೆ ಪಟ್ಟಿ. ಬೀದಿ ಇಳಿಜಾರು. ಹಾಗಾಗಿ ಮೇಲಿನ ಮನೆಯಲ್ಲಿ ಪಟ್ಟಿ ಪಾದದ ಹತ್ತಿರ, ಕೆಳಗಿನ ಮನೆಯಲ್ಲಿ ನನ್ನ ತಲೆಗಿಂತ ಎತ್ತರ. ಒಂದು ಇನ್ನೊಂದಕ್ಕೆ ಸರಿಯಿದೆಯೇ ಎಂದು ಬರಿಗಣ್ಣಿಗೆ ಯಾರಿಗೂ ತಿಳಿಯುವುದಿಲ್ಲ.

ತಿಳಿಯಬೇಕೆಂದರೆ ಲೆವೆಲ್ ಪೈಪು ಬೇಕು.

ದಿನಕ್ಕೆರಡು ಸಲ ಹೊಳೆಯ ಮಟ್ಟ ನೋಡಿ ಸೇತುವೆಯ ಹತ್ತಿರದ ಹಲಗೆಯ ಮೇಲೆ ಬರೆಯುವುದು ನೀರಜ್ಜನ ಕೆಲಸ. ವರ್ಷಕ್ಕೊಮ್ಮೆ ಈ ಪಟ್ಟಿಗಳನ್ನು ತಿಕ್ಕಿ ಹೊಳೆಯಿಸುವುದೂ ಅವರದ್ದೇ. ಅವರು ಕೊನೆಯ ಸಲ ಬರೆದ ಅಂಕಿ ಹಲಗೆಯ ಮೇಲೆ ಇನ್ನೂ ಇತ್ತು, 'ಸಂಜೆ ನಾಲ್ಕೂವರೆ' ಎಂದು ಪಕ್ಕದಲ್ಲಿ ಬರೆದು. ಒರೆಸಲು ಯಾರಿಗೂ ಕೈ ಬಂದಿರಲಿಲ್ಲ. ಹೆಣ ಸಿಕ್ಕಿದ್ದು ಆರಕ್ಕೆ.

ಮೇಲಿನಿಂದ ಒಂದೊಂದೇ ಬಾಗಿಲು ನೋಡುತ್ತಾ ಇಳಿದೆ. ಪಟ್ಟಿಯ ಪಕ್ಕದಲ್ಲಿ ಬಳಪದ ಒಂದು ಸರಿ ಗುರುತು. ಮುಂದಿನ ಮನೆಯಲ್ಲೂ ಒಂದು. ಅದರ ಮುಂದಿನದರಲ್ಲೂ. ಸೂರಿನ ಕೆಳಗೆ ಇದ್ದುದರಿಂದ ಒಂದೂ ಅಳಿಸಿರಲಿಲ್ಲ. ಒಂಬತ್ತು ದಿನ ಇವುಗಳ ಮುಂದೆಯೇ ಓಡಾಡಿದ್ದೇನಲ್ಲ ಎಂದು ನಾಚಿಕೆಯಾಯಿತು.

ಪುಸ್ತಕ ಕಟ್ಟುವವರ ಅಂಗಡಿಯವರೆಗೆ ಗುರುತು ಇತ್ತು. ಅದರ ಪಕ್ಕದ್ದು ಹೋಟೆಲು. ಅಲ್ಲಿ ಗುರುತಿರಲಿಲ್ಲ. ಬೀದಿಯ ಪಟ್ಟಿಗಳೆಲ್ಲ ಚೌಕ ತಲೆಯ ಹಳೇ ಮೊಳೆಗಳ ಮೇಲಿದ್ದರೆ, ಹೋಟೆಲಿನದು ಮಾತ್ರ ಎರಡು ಸ್ಕ್ರೂಗಳ ಮೇಲಿತ್ತು.

ಪಟ್ಟಿ ಸೊಂಟಕ್ಕಿಂತ ಮೇಲಿರುವ ಮನೆಯ ನೆಲಮಹಡಿಯಲ್ಲಿ ಯಾರನ್ನೂ ಮಲಗಿಸಬಾರದು ಎಂದು ಊರಿನ ನಿಯಮ. ಹೋಟೆಲಿನ ನೆಲಮಹಡಿಯಲ್ಲಿ ಹೊಳೆ ಕಾಣುವ ನಾಲ್ಕು ಕೋಣೆಗಳಿವೆ. ಸ್ಕ್ರೂಗಳ ಪಟ್ಟಿ ಸರಿಯಾಗಿ ನನ್ನ ಸೊಂಟಕ್ಕಿಂತ ಎರಡು ಬೆರಳು ಕೆಳಗಿತ್ತು.

* * *

ನಮ್ಮ ಮನೆಯ ನೆಲಮಹಡಿಯಲ್ಲಿ ಹೊಲಿಗೆ ಯಂತ್ರ ಓಡುತ್ತಿತ್ತು.

ನಾವು ಬಾಡಿಗೆಗಿರುವುದು ಮೇಸ್ತ್ರಿಯ ಮನೆಯ ಮೇಲ್ಮಹಡಿಯಲ್ಲಿ. ಯಾರ ಮನೆಯಲ್ಲಿ ಉಂಡು ಮಲಗುತ್ತೇನೋ ಆ ಮನೆಯ ಯಜಮಾನನನ್ನೇ ಹಿಡಿದು ಒಳಗೆ ಹಾಕಿದವಳು ನಾನು. ಅವನ ಹೆಂಡತಿ ಟೈಲರಕ್ಕ ನನಗೆ ಒಂದು ಕೆಟ್ಟ ಮಾತಾಡಿಲ್ಲ. ದಿನವೂ ಕತ್ತಿನಲ್ಲಿ ಹಳದಿ ಅಳತೆ ಟೇಪು ಇಳಿಬಿಟ್ಟುಕೊಂಡು ಬಾಗಿಲಿಗೆ ಬಂದು ಒಂದೇ ಮಾತು ಕೇಳುತ್ತಾಳೆ: "ಯಾವಾಗ ಬಿಡ್ತೀರಿ?" ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅಕ್ಕಾ, ಇನ್ನೊಂದು ಲೆವೆಲ್ ಪೈಪು ಇದೆಯಾ ಮನೇಲಿ?"

ಯಂತ್ರ ನಿಂತಿತು. "ಹಳೇದೊಂದಿದೆ. ಯಾಕೆ?"

"ನಾನಂದುಕೊಂಡ ಹಾಗೇ ಆದ್ರೆ ಸಂಜೆಯೊಳಗೆ ನಿಮ್ಮೆಜಮಾನ್ರು ಮನೇಲಿರ್ತಾರೆ."

ಅವಳು ನನ್ನ ಮುಖವನ್ನೇ ನೋಡಿದಳು. "ಸಂಜೇಗೇನಾ?"

"ಸಂಜೇಗೆ."

ಪೈಪು ತಂದಳು. ತಾನೇ ನೀರೂ ತುಂಬಿಸಿದಳು. "ಆ ತುದಿ ನಾನು ಹಿಡೀಲಾ?"

"ಬೇಡಕ್ಕಾ. ಆರೋಪಿ ಹೆಂಡತಿ ಹಿಡಿದ್ರೆ ನಾಳೆ ವಕೀಲರು ನನ್ನ ಜನ್ಮ ಜಾಲಾಡ್ತಾರೆ. ಅತ್ತೇನ ಕರೀತೀನಿ."

ಸ್ಟೇಷನ್ನಿನಲ್ಲಿ ಇರುವುದು ಇಬ್ಬರು ಪೇದೆಗಳು. ಒಬ್ಬ ರಜೆಯಲ್ಲಿದ್ದ, ಇನ್ನೊಬ್ಬ ಲಾಕಪ್ಪು ಕಾಯಬೇಕು. ನನ್ನ ಗಂಡ ಕೆಳಗಿನ ಪಟ್ಟಣದಲ್ಲಿ ಮೇಷ್ಟರು, ವಾರಕ್ಕೊಮ್ಮೆ ಬರುತ್ತಾರೆ. ಉಳಿದವರು ಅತ್ತೆ.

ಅತ್ತೆ ಕಿಟಕಿಯ ಪಕ್ಕ ಕೂತಿದ್ದರು, ಮಡಿಲಲ್ಲಿ ಬರೀ ಕೈ. ನೆಲ ಅಲ್ಲಾಡಿದರೂ ಹೆಣಿಗೆ ಕಡ್ಡಿ ಕೆಳಗಿಡದ ಹೆಂಗಸು ಈಚೆಗೆ ಸುಮ್ಮನೆ ಕೂರುತ್ತಾರೆ. ಮಂಡಿ ನೋವೆಂದು ಮೆಟ್ಟಿಲೂ ಇಳಿಯುವುದಿಲ್ಲ. ಡಾಕ್ಟರ ಹತ್ತಿರ ಹೋಗೋಣವೆಂದರೆ ಅದಕ್ಕೂ ಇಳಿಯಬೇಕಲ್ಲ ಎನ್ನುತ್ತಾರೆ. ನನಗೂ ಕೂತು ವಿಚಾರಿಸಲು ಪುರುಸೊತ್ತಿರಲಿಲ್ಲ.

"ನನ್ನ ಕೈಲಾಗಲ್ಲ," ಎಂದರು, ನಾನು ಪೂರ್ತಿ ಹೇಳುವ ಮೊದಲೇ.

"ಬರೀ ತುದಿ ಹಿಡ್ಕೊಂಡು ನಿಲ್ಲೋದು ಅತ್ತೆ."

"ಬೇರೆ ಯಾರನ್ನಾದ್ರೂ ಕರಿ."

ಅಷ್ಟರಲ್ಲಿ ಟೈಲರಕ್ಕ ಮೆಟ್ಟಿಲ ಮೇಲೆ ಬಂದು ನಿಂತಿದ್ದಳು. "ದೊಡ್ಡಮ್ಮಾ, ಅವರು ಮನೆಗೆ ಬರ್ತಾರಂತೆ. ನಿಮ್ಮ ಕಾಲಿಗೆ ಬೀಳ್ತೀನಿ, ಒಂದು ಗಳಿಗೆ ಹೋಗಿ ಬನ್ನಿ."

ಅತ್ತೆ ಅವಳನ್ನು ನೋಡಿದರು. ಎಷ್ಟೋ ಹೊತ್ತು ನೋಡಿದರು. ಆಮೇಲೆ ಶಾಲು ಹೊದ್ದುಕೊಂಡು ಎದ್ದರು. ಟೈಲರಕ್ಕನಿಗೆ ಗೋಡೆಗೆ ಒತ್ತಿಕೊಂಡು ದಾರಿ ಬಿಡಬೇಕಾಯಿತು. ಈ ಮೆಟ್ಟಿಲು ಅಷ್ಟು ಇಕ್ಕಟ್ಟು.

"ಇವತ್ತು ಡಬ್ಬಿ ಸ್ವಲ್ಪ ತಡವಾಗುತ್ತೆ ಅಂತ ಪೇದೆಗೆ ಹೇಳಿ," ಎಂದಳು ಹಿಂದಿನಿಂದ. "ಇಷ್ಟು ದಿನದ ಮೇಲೆ, ಏನಾದ್ರೂ ಒಳ್ಳೇದು ಮಾಡ್ತೀನಿ."

* * *

"ಏನಿದು ತಮಾಷೆ?" ಎಂದರು ಹೋಟೆಲಿನ ಯಜಮಾನರು.

ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಬೀದಿಯ ಸಮಿತಿಗೆ ಅಧ್ಯಕ್ಷರು. ಬೀದಿಗೆ ಯಾವ ಬಣ್ಣದ ಹೂಕುಂಡ ಇಡಬೇಕೆಂದು ಹೇಳುವವರು. ಊರಿಗೆಲ್ಲ ನಿಯಮ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ.

"ಅಳತೆ ಸಾರ್. ಎರಡೇ ನಿಮಿಷ."

"ಗಿರಾಕಿಗಳು ನೋಡ್ತಿದಾರೆ!"

"ನೋಡ್ಲಿ. ಫೋಟೋ ತೆಗೆಯೋಕೆ ತಾನೇ ಬಂದಿರೋದು."

ಅತ್ತೆಯನ್ನು ಪುಸ್ತಕದಂಗಡಿಯ ಪಟ್ಟಿಯ ಹತ್ತಿರ ನಿಲ್ಲಿಸಿ, ನನ್ನ ತುದಿ ಎಳೆದುಕೊಂಡು ಹೋಟೆಲಿನ ಬಾಗಿಲಿಗೆ ಬಂದೆ.

"ತಡಿ," ಎಂದರು ಅತ್ತೆ. "ಮಧ್ಯ ಗುಳ್ಳೆ ಇದೆ ನೋಡು. ಗಾಳಿ ಇದ್ರೆ ಸುಳ್ಳು ಹೇಳುತ್ತೆ. ಪೈಪಿಗೆ ತಟ್ಟು, ಹೊರಗೆ ಹೋಗ್ಲಿ."

ತಟ್ಟಿದೆ. ಗುಳ್ಳೆ ಮೇಲೆದ್ದು ಹೋಯಿತು. ಎಪ್ಪತ್ತು ವರ್ಷ ಬದುಕಿದವರಿಗೆ ಏನೆಲ್ಲ ಗೊತ್ತಿರುತ್ತದೆ ಎಂದುಕೊಂಡೆ.

"ಗೆರೆಗೆ ಬಂತಾ ಅತ್ತೆ?"

"ಸ್ವಲ್ಪ ಎತ್ತು... ಇನ್ನೂ... ಬಂತು. ಅಲ್ಲಾಡಬೇಡ."

ನನ್ನ ತುದಿಯಲ್ಲಿ ನೀರು ತೂಗಾಡಿ, ನಿಧಾನವಾಗಿ ನಿಂತಿತು. ಹೋಟೆಲಿನ ಪಟ್ಟಿಗಿಂತ ಒಂದು ಗೇಣು ಮೇಲೆ. ಅಲ್ಲೊಂದು ಗೀಟು ಹಾಕಿದೆ. ಉಗುರಿನಿಂದ ಬಣ್ಣ ಕೆರೆದಾಗ ಅದರ ಅಡಿಯಲ್ಲಿ ಚೌಕ ಮೊಳೆಯ ಎರಡು ತೂತುಗಳು, ಮೇಣ ತುಂಬಿದವು, ಕಂಡವು.

"ಪಕ್ಕದ ಮನೆಗಿಂತ ನಿಮ್ಮನೇಲಿ ನೀರು ಒಂದು ಗೇಣು ತಗ್ಗಿ ನಿಂತಿತ್ತಾ ಸಾರ್? ಅಷ್ಟು ಮರ್ಯಾದೆ ಕೊಡ್ತಾ ಹೊಳೆ ನಿಮ್ಮ ಮನೆತನಕ್ಕೆ?"

ಯಜಮಾನರ ಮುಖದಲ್ಲಿ ರಕ್ತವಿರಲಿಲ್ಲ. "ಒಳಗೆ ಬನ್ನಿ. ಕೂತು ಮಾತಾಡೋಣ."

"ಇಲ್ಲೇ ಮಾತಾಡಿ."

"ಬಣ್ಣ ಹೊಡೆಯೋವಾಗ ತೆಗೆದಿದ್ದು. ವಾಪಸು ಹಾಕುವಾಗ ಸ್ವಲ್ಪ..."

"ಇಳಿಸಿದ್ರಿ."

"ಇಳಿಸಿದೆ." ಅವರು ದನಿ ತಗ್ಗಿಸಿದರು. "ನಾಲ್ಕು ವರ್ಷ ಆಯ್ತು. ಮುಂದಿನ ಕೋಣೆಗಳು ಇಲ್ದಿದ್ರೆ ಹೋಟೆಲು ಮುಚ್ಚಬೇಕಿತ್ತು."

"ನೀರಜ್ಜನಿಗೆ ಅನುಮಾನ ಬಂತು. ಅಳೆದು ನೋಡಿದ್ರು. ನಿಮ್ಮ ಬಾಗಿಲಿಗೂ ಗುರುತು ಹಾಕಿದ್ರು. ಅದನ್ನ ಒರೆಸಿದ್ದು ಯಾರು?"

"ನಾನೇ. ಗುಣಾಕಾರದ ಗುರುತು ಹಾಕಿದ್ರು. ಸಮಿತಿ ಮೀಟಿಂಗ್ ಮುಗಿಸಿ ಬಂದು ನೋಡಿದೆ, ಎದೆ ಧಸಕ್ಕಂತು, ಒರೆಸಿಬಿಟ್ಟೆ. ಆಮೇಲೆ ಹೆಣ ಸಿಕ್ಕಿದ್ದು ಗೊತ್ತಾಗಿ ಬಾಯಿ ಬಿಡೋಕೆ ಭಯ ಆಯ್ತು."

"ಭಯ ಆಗ್ದೆ ಇರುತ್ತಾ? ಪಟ್ಟಿ ಇಳಿಸಿದೋರು ನೀವು. ಕಂಡುಹಿಡಿದೋರು ಸತ್ತುಹೋದ್ರು. ಇದರಿಂದ ಲಾಭ ಯಾರಿಗೆ?"

ಸುತ್ತ ಏಳೆಂಟು ಜನ ಸೇರಿದ್ದರು. ಯಜಮಾನರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು. ಮಾತಾಡುವಾಗ ದನಿಯಲ್ಲಿ ಕೋಪಕ್ಕಿಂತ ಸುಸ್ತೇ ಹೆಚ್ಚಿತ್ತು.

"ಮೇಡಂ, ಆವತ್ತು ಸಭೆ ಎಷ್ಟು ಗಂಟೆಗೆ ಶುರುವಾಯ್ತು?"

ನಾನು ಬಾಯಿ ತೆರೆಯುವ ಮೊದಲೇ ಅವರೇ ಮುಂದುವರಿಸಿದರು.

"ಮೂರಕ್ಕೆ. ಮುಗಿದಿದ್ದು ಆರಕ್ಕೆ. ಅಂಗಡಿ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಬಹುದೋ ಬಾರದೋ ಅಂತ ಮೂರು ಗಂಟೆ ಚರ್ಚೆ. ಆ ಮೂರೂ ಗಂಟೆ ನನ್ನ ಪಕ್ಕದ ಕುರ್ಚೀಲಿ ಕೂತು ಆಕಳಿಸ್ತಾ ಇದ್ದೋರು ಯಾರು?"

ನಾನೇ. ಎರಡು ಸಲ ಅವರಿಗೆ ಚಹಾ ಬಗ್ಗಿಸಿ ಕೊಟ್ಟದ್ದೂ ನಾನೇ. ಕೈಗೆ ಸಿಕ್ಕ ಕೊಲೆಗಾರನಿಗೆ ನಾನೇ ಸಾಕ್ಷಿಯಾಗಿ ನಿಂತ ಹಾಗಾಯಿತು.

"ಪಟ್ಟಿ ವಿಷಯಕ್ಕೆ ನನ್ನ ಮೇಲೆ ಕೇಸ್ ಹಾಕಿ," ಎಂದರು ಅವರು. "ತಪ್ಪು ಮಾಡಿದೀನಿ, ಕೋಣೆ ಮುಚ್ತೀನಿ. ಆದ್ರೆ ಅಜ್ಜನ ಜೀವಕ್ಕೆ ನನ್ನನ್ನ ಹೊಣೆ ಮಾಡಬೇಡಿ. ಅವರು ಒಬ್ಬರೇ ಅಳೆದಿರೋಕೆ ಸಾಧ್ಯ ಇಲ್ಲ ಅಲ್ವಾ? ಜೊತೇಲಿದ್ದೋರನ್ನ ಹುಡುಕಿ."

"ಹುಡುಕ್ತೀನಿ," ಎಂದೆ. ಅವರ ಕಡೆ ನೋಡದೆ ಅತ್ತೆಯ ಕಡೆ ತಿರುಗಿದೆ, ಹೋಗೋಣ ಎನ್ನಲು.

ಅತ್ತೆ ಆಗಲೇ ಪೈಪು ಸುತ್ತುತ್ತಿದ್ದರು. ಈ ಹಳೇ ಪೈಪಿಗೆ ಬಿರಡೆ ಇರಲಿಲ್ಲ. ಹೆಬ್ಬೆರಳಿನಿಂದ ತುದಿ ಒತ್ತಿ ಹಿಡಿದು, ಇನ್ನೊಂದು ಕೈಯನ್ನು ಶಾಲಿನೊಳಗಿನ ಜೇಬಿಗೆ ಹಾಕಿ, ಬೂದು ಉಣ್ಣೆಯ ಒಂದು ಎಳೆ ಹೊರಗೆ ತೆಗೆದರು. ಬೆರಳ ಮಧ್ಯೆ ಉಂಡೆ ಮಾಡಿದರು. ತುದಿಗೆ ತುರುಕಿದರು. ನೀರು ಒಂದು ಹನಿಯೂ ಚೆಲ್ಲಲಿಲ್ಲ.

ತುರುಕಿದ ಮೇಲೆ ತಲೆ ಎತ್ತಿ ನನ್ನನ್ನು ನೋಡಿದರು. ನಾನು ನೋಡಿದ್ದು ಅವರಿಗೆ ಗೊತ್ತಾಯಿತು.

* * *

ಇಬ್ಬರೂ ಬೀದಿ ಹತ್ತಿದೆವು. ಬಿಸಿಲು ಹೋಗಿ ಕಲ್ಲುಗಳು ಆಗಲೇ ತಣ್ಣಗಾಗಿದ್ದವು. ಹೋಟೆಲಿನವರ ಹೇಳಿಕೆ ಬರೆಸಿಕೊಂಡು ಹೊರಡುವಷ್ಟರಲ್ಲಿ ಮೂರೂಮುಕ್ಕಾಲಾಗಿತ್ತು.

ಮನೆಗೆ ಬಂದು ಬಾಗಿಲು ಹಾಕಿ, ಅದಕ್ಕೆ ಬೆನ್ನು ಕೊಟ್ಟು ನಿಂತೆ. ಅತ್ತೆ ಹಾಸಿಗೆಯ ಅಂಚಿನಲ್ಲಿ ಕೂತರು.

"ನೀವಾ?" ಎಂದೆ.

"ತುದಿ ಹಿಡಿದಿದ್ದು ನಾನು. ಬಾಗಿಲಲ್ಲಿ ಕೂತಿದ್ದೆ, ಅಜ್ಜ ಬಂದು 'ಅಕ್ಕಾ, ಒಂದು ಉಪಕಾರ' ಅಂದ್ರು. ಗುಳ್ಳೆ ತೆಗೆಯೋದೂ ಅವರೇ ಹೇಳಿಕೊಟ್ಟಿದ್ದು. ಹೋಟೆಲಿಂದು ತಪ್ಪು ಅಂತ ಗೊತ್ತಾದಾಗ ಮಗು ಹಾಗೆ ಖುಷಿಪಟ್ರು. ಬಿರಡೆ ಎಲ್ಲೋ ಬಿದ್ದುಹೋಗಿತ್ತು, ನಾನು ಉಣ್ಣೆ ತುರುಕಿಕೊಟ್ಟೆ. ಹೆಗಲಿಗೆ ಹಾಕ್ಕೊಂಡು ಹೊಳೆ ಹತ್ರ ಹೋದ್ರು. ಅಲ್ಲಿ ಕಲ್ಲಲ್ಲಿ ಕೆತ್ತಿದ ಮೂಲ ಗೆರೆ ಇದೆಯಂತೆ, ಅದೊಂದು ನೋಡಿ ಬರ್ತೀನಿ ಅಂದ್ರು. ನನ್ನ ಮಂಡಿ ನೋಯ್ತಿತ್ತು, ತಿರುವಿನ ಬೆಂಚಿನ ಮೇಲೆ ಕೂತೆ."

"ಆಮೇಲೆ?"

"ಓಣಿಯಿಂದ ಒಬ್ಬರು ಬಂದ್ರು. ಬೇಗ ಬೇಗ ಹೋಗಿ, ಎರಡೂ ಕೈಯಿಂದ ಬೆನ್ನಿಗೆ..." ಅತ್ತೆ ಕೈ ಎತ್ತಿ ತೋರಿಸಹೋಗಿ, ಎತ್ತಲಾರದೆ ಮಡಿಲಿಗೆ ಹಾಕಿಕೊಂಡರು. ಕಣ್ಣಿನಿಂದ ನೀರು ಇಳಿಯಿತು. "ಒಂದೇ ಕ್ಷಣ. ಆಮೇಲೆ ಎರಡು ಮೆಟ್ಟಿಲು ಇಳಿದು ಬಗ್ಗಿ ನೋಡಿದ್ರು. 'ಅಯ್ಯೋ, ನೀವಾ!' ಅಂದ್ರು. ಅಷ್ಟೇ ಕೇಳಿಸ್ತು. ಹೊಳೆ ಸದ್ದಿನಲ್ಲಿ ಗಂಡು ದನಿಯೋ ಹೆಣ್ಣು ದನಿಯೋ ತಿಳೀಲಿಲ್ಲ."

ನಾನು ಅಲ್ಲೇ ನೆಲದ ಮೇಲೆ ಕೂತೆ.

ಅಯ್ಯೋ, ನೀವಾ. ಹಾಗಾದರೆ ತಳ್ಳಿದವರಿಗೆ ಬೇಕಾಗಿದ್ದು ಬೇರೆಯವರು. ಈ ಊರಿನಲ್ಲಿ ಹೆಗಲ ಮೇಲೆ ಪೈಪಿನ ಸುರುಳಿ ಹಾಕಿಕೊಂಡು ಓಡಾಡುವವನು ಒಬ್ಬನೇ. ಹಿಂದಿನಿಂದ ನೋಡಿದರೆ ಯಾರಾದರೂ ಹೇಳುತ್ತಾರೆ, ಅಗೋ ಮೇಸ್ತ್ರಿ ಹೋಗುತ್ತಿದ್ದಾನೆ ಎಂದು.

"ಮೇಸ್ತ್ರಿ ಅಂದುಕೊಂಡು ತಳ್ಳಿದ್ರು," ಎಂದೆ.

"ಹೂಂ. ನೀನು ಅವನನ್ನ ಹಿಡಿದು ಒಳಗೆ ಹಾಕಿದಾಗ ನನಗೆ ಸಮಾಧಾನ ಆಯ್ತು. ಅಲ್ಲಾದ್ರೂ ಬದುಕಿರ್ತಾನೆ ಅಂದುಕೊಂಡೆ. ಬಾಯಿ ಬಿಟ್ರೆ ನೀನು ಬಿಟ್ಟುಬಿಡ್ತಿದ್ದೆ. ನಿಜ ಹೇಳ್ಬೇಕಂದ್ರೆ ಹೆದರಿಕೇನೂ ಆಯ್ತು. ನಿನ್ನ ಹತ್ರ ಹೇಳಿದ್ರೆ ಈ ನೆಲದ ಹಲಗೆ ಮೂಲಕ ಕೆಳಗೆ ಕೇಳಿಸುತ್ತಲ್ಲ."

"ಕೆಳಗೆ ಕೇಳಿಸಿದ್ರೆ ಏನು?"

ಅತ್ತೆ ನೆಲದ ಹಲಗೆಯ ಕಡೆ ನೋಡಿದರು.

"ಅತ್ತೆ, ಯಾರದು?"

"ಮುಖ ಕಾಣಲಿಲ್ಲ ಮಗಳೇ. ನಾನು ನೋಡಿದ್ದು ಕಂಬಳಿ ಹೊದ್ದ ಬೆನ್ನಷ್ಟೇ. ಬಗ್ಗಿ ನೋಡಿದಾಗ ಕತ್ತಿನಿಂದ ಒಂದು ಟೇಪು ಜೋತಾಡ್ತಿತ್ತು. ಹಳದಿ ಟೇಪು."

ಅತ್ತೆ ಇಷ್ಟು ದಿನ ಇಳಿಯದಿದ್ದದ್ದು ಮಂಡಿನೋವಿಗಲ್ಲ. ಕೆಳಗಿಳಿಯಬೇಕೆಂದರೆ ಟೈಲರಕ್ಕನ ಬಾಗಿಲು ದಾಟಬೇಕು. ಇವತ್ತು ಮೆಟ್ಟಿಲ ಮೇಲೆ ಅವಳೇ ಬಂದು ಬೇಡಿಕೊಂಡಾಗ, ಒಲ್ಲೆ ಎಂದರೆ ಯಾಕೆ ಎಂದು ಕೇಳುತ್ತಾಳೆ. ಅತ್ತೆ ಬೇರೆ ದಾರಿಯಿಲ್ಲದೆ ಎದ್ದಿದ್ದರು. ಒಂಬತ್ತು ದಿನ ಒಂದೇ ಮನೆಯಲ್ಲಿ, ಅವಳ ತಲೆಯ ಮೇಲೆ ಕೂತು, ಈ ಮುದುಕಿ ಒಬ್ಬರೇ ಇದನ್ನು ನುಂಗಿಕೊಂಡಿದ್ದರು. ನನಗೆ ಅವರ ಮೇಲೆ ಸಿಟ್ಟೂ ಬಂತು, ಅಪ್ಪಿಕೊಳ್ಳಬೇಕೆಂದೂ ಅನಿಸಿತು. ಎರಡನ್ನೂ ಮಾಡಲಿಲ್ಲ.

ಮನಸ್ಸಿನ ಇನ್ನೊಂದು ಮೂಲೆ ತಕರಾರು ತೆಗೆಯಿತು. ಪೈಪು ನೋಡಿ ಮನುಷ್ಯನನ್ನು ಗುರುತಿಸಿದವರು ಮೋಸ ಹೋದರು. ಟೇಪು ನೋಡಿ ಗುರುತಿಸಿದ ಅತ್ತೆ ಮೋಸ ಹೋ‌ಗಿಲ್ಲ ಎಂದು ಹೇಗೆ ನಂಬುವುದು? ಗಂಡ ಹೆಂಡತಿ ಜಗಳವಾಡಿದ್ದನ್ನು ಈ ಹಲಗೆಗಳ ಮೂಲಕ ನಾನು ಒಂದು ದಿನವೂ ಕೇಳಿಲ್ಲ. ಚಮಚ ಬಿದ್ದರೂ ಕೇಳಿಸುವ ಮನೆ ಇದು.

ಆದರೆ ಮೇಸ್ತ್ರಿ ಮನೆ ಊಟ ಮುಟ್ಟುವುದಿಲ್ಲ. ಹಸಿವಿಲ್ಲ ಎನ್ನುತ್ತಾ ಪೇದೆಯ ಬ್ರೆಡ್ಡು ತಿನ್ನುತ್ತಾನೆ. ಯಾಕೆ?

ಆಗ ಗಮನಕ್ಕೆ ಬಂತು. ಕೆಳಗೆ ಸದ್ದೇ ಇರಲಿಲ್ಲ.

"ಅತ್ತೆ, ನಾವು ಬಂದಾಗ ಯಂತ್ರ ಓಡ್ತಾ ಇತ್ತಾ?"

"ಇಲ್ಲ. ಬಾಗಿಲಿಗೆ ಬೀಗ ಹಾಕಿತ್ತು."

ಡಬ್ಬಿ ಸ್ವಲ್ಪ ತಡವಾಗುತ್ತೆ. ಏನಾದ್ರೂ ಒಳ್ಳೇದು ಮಾಡ್ತೀನಿ.

ಮೊಬೈಲು ಕೈಗೆತ್ತಿಕೊಂಡೆ. ಈ ಕಲ್ಲು ಗೋಡೆಗಳ ಒಳಗೆ ಸಿಗ್ನಲ್ ಸಿಗುವುದಿಲ್ಲ. ಕಿಟಕಿ ತೆಗೆದು ಅರ್ಧ ಮೈ ಹೊರಗೆ ಚಾಚಿ ಸ್ಟೇಷನ್ನಿಗೆ ಹಚ್ಚಿದೆ. ಕೆಳಗೆ ಯಾರೋ ಪ್ರವಾಸಿ ನನ್ನ ಫೋಟೋ ತೆಗೆದುಕೊಂಡ. ಗಂಟೆ ಹೊಡೆಯಿತು, ಹೊಡೆಯಿತು, ಹೊಡೆಯಿತು.

"ಹೇಳಿ ಮೇಡಂ!" ಪೇದೆಯ ದನಿ ಖುಷಿಯಾಗಿತ್ತು.

"ಮೇಸ್ತ್ರಿ ಎಲ್ಲಿ?"

"ಇಲ್ಲೇ ಇದಾನೆ. ನೀವು ಹೇಳಿದ ಹಾಗೇ ಮಾಡಿದೆ ಮೇಡಂ. ಅವನ ಹೆಂಡತಿ ಬಂದು ಡಬ್ಬಿ ಕೊಟ್ಟು, ಸಂಜೆ ಮೇಡಂ ಬಿಡ್ತಾರಂತೆ ಅಂತ ಹೇಳಿ ಹೋದ್ರು. ಅದನ್ನ ಕೇಳಿದ್ದೇ ತಡ, 'ಅವಳ ಮೇಲೆ ಸುಮ್ನೆ ಅನುಮಾನ ಪಟ್ಟೆ' ಅಂದ, ಮುಖ ಅರಳಿತು. ಒಂಬತ್ತು ದಿನದ ಹಸಿವಲ್ವಾ, ಆಗ್ಲೇ ಅರ್ಧ ಡಬ್ಬಿ ಖಾಲಿ ಮಾಡಿದಾನೆ."